ಊರು, ಕೇರಿ, ಪಹಣಿ

ನಂಜನಗೂಡು ತಾಲ್ಲೂಕಿನ ಬದನವಾಳಿನಲ್ಲಿ ದಲಿತರ ಕೇರಿಗೂ ಲಿಂಗಾಯತರ ಬೀದಿಗೂ ನಡುವೆ ಒಂದು ಚಿಕ್ಕ ರಸ್ತೆಯಿದೆ. ಸಿದ್ದೇಶ್ವರ ದೇವಾಲಯ ಪ್ರವೇಶದ ವಿಚಾರಕ್ಕೆ ಹೊತ್ತಿಕೊಂಡ ಜಗಳ ಬೆಳೆದು 1993ರ ಮಾರ್ಚ್ 25ರಂದು ಮೂವರು ದಲಿತರ ಕೊಲೆಯಾಯಿತು. ಆಮೇಲೆ ಆ ರಸ್ತೆಯಲ್ಲಿ ಓಡಾಟ ನಿಂತಿತು. ಅದು ಮತ್ತೆ ತೆರೆದದ್ದು 2022ರ ಅಕ್ಟೋಬರ್ 2ರಂದು. ಗಾಂಧಿ ಜಯಂತಿಯ ಆ ದಿನ ಭಾರತ್ ಜೋಡೋ ಯಾತ್ರೆಯೊಂದಿಗೆ ಬಂದಿದ್ದ ರಾಹುಲ್ ಗಾಂಧಿ ದುರಸ್ತಿಯಾದ ರಸ್ತೆಯನ್ನು ಉದ್ಘಾಟಿಸಿದರು. ಎರಡೂ ಕಡೆಯ ಜನ ಒಟ್ಟಿಗೆ ಕೂತು ಊಟ ಮಾಡಿದರು. ಯಾವ ಪಕ್ಷದ ಕಾರ್ಯಕ್ರಮ ಎಂಬುದನ್ನು ಪಕ್ಕಕ್ಕಿಟ್ಟು ಲೆಕ್ಕ ಹಾಕೋಣ. ಇಪ್ಪತ್ತೊಂಬತ್ತು ವರ್ಷ! ಕೊಲೆಯಾದ ವರ್ಷ ಹುಟ್ಟಿದ ಕೂಸು ಆ ಹೊತ್ತಿಗೆ ತಾನೇ ಮಕ್ಕಳ ಕೈ ಹಿಡಿದು ನಡೆಸುವ ವಯಸ್ಸಿಗೆ ಬಂದಿತ್ತು.

ಬದನವಾಳು ಹೆಸರಿಲ್ಲದ ಮೂಲೆಯಲ್ಲ. ಮೈಸೂರು–ಚಾಮರಾಜನಗರ ರೈಲು ದಾರಿಯಲ್ಲಿ ಅದಕ್ಕೊಂದು ನಿಲ್ದಾಣವಿದೆ. 1920ರ ದಶಕದಲ್ಲಿ ಇಲ್ಲಿ ಶುರುವಾದ ಖಾದಿ ಕೇಂದ್ರ ಮೈಸೂರು ಸಂಸ್ಥಾನದಲ್ಲೇ ಹೆಸರು ಮಾಡಿತ್ತು, ಗಾಂಧಿಯೇ ಬಂದು ನೋಡಿದ್ದರು. ಪಕ್ಕದ ತಗಡೂರಿನ ರಾಮಚಂದ್ರರಾಯರು ಖಾದಿಗೂ ಅಸ್ಪೃಶ್ಯತೆಯ ವಿರುದ್ಧದ ಕೆಲಸಕ್ಕೂ ಬದುಕು ಸವೆಸಿದವರು. 2015ರ ಏಪ್ರಿಲ್‌ನಲ್ಲಿ ರಂಗಕರ್ಮಿ ಪ್ರಸನ್ನ ಸುಸ್ಥಿರ ಬದುಕಿಗಾಗಿ ಸತ್ಯಾಗ್ರಹ ನಡೆಸಿದ್ದೂ ಇಲ್ಲೇ. ಇಷ್ಟೆಲ್ಲ ಒಳ್ಳೆಯವರು ಕಾಲಿಟ್ಟ ನೆಲದಲ್ಲಿ ದೇವಸ್ಥಾನದ ಬಾಗಿಲಿಗಾಗಿ ಮೂರು ಜೀವ ಹೋದವು. ಒಳ್ಳೆಯ ಮನಸ್ಸು ಇದ್ದರೆ ಸಾಕು, ಕಾಲ ಕಳೆದಂತೆ ಎಲ್ಲ ಸರಿಹೋಗುತ್ತದೆ ಎಂಬ ಮಾತನ್ನು ನಾನು ಒಪ್ಪದಿರುವುದಕ್ಕೆ ಈ ಊರೇ ಕಾರಣ.

ಮೀಸಲಾತಿಯ ಮಾತು ಬಂದಾಗಲೆಲ್ಲ ಒಂದು ಪ್ರಶ್ನೆ ಬರುತ್ತದೆ. ಟೀ ಅಂಗಡಿಯಲ್ಲೂ ಬರುತ್ತದೆ, ಟಿ.ವಿ. ಚರ್ಚೆಯಲ್ಲೂ ಬರುತ್ತದೆ: ಯಾವತ್ತೋ ಆಗಿಹೋದದ್ದಕ್ಕೆ ಈಗಿನ ಮಕ್ಕಳೇಕೆ ಬೆಲೆ ತೆರಬೇಕು? ಕೇಳುವವರೆಲ್ಲ ಕೆಟ್ಟವರಲ್ಲ. ಸೀಟು ಸಿಗದ ಮಗನ ಮುಖ ನೋಡಿ ಹೊಟ್ಟೆಯುರಿದು ಕೇಳುವ ತಾಯಂದಿರೂ ಇದ್ದಾರೆ. ಅವರಿಗೆ ಸಿಟ್ಟಿನ ಉತ್ತರ ಸಲ್ಲದು, ವಿವರವಾದ ಉತ್ತರ ಸಲ್ಲಬೇಕು. ನಂಜನಗೂಡು ಮತ್ತು ತಿ. ನರಸೀಪುರ ತಾಲ್ಲೂಕುಗಳ ನೆಲದ ಮೇಲೆಯೇ ಆ ಉತ್ತರ ಬರೆದಿದೆ.

ಈ ಸೀಮೆಗೆ ನೀರಿನ ಕೊರತೆ ಎಂದೂ ಇರಲಿಲ್ಲ. ಒಂದು ಕಡೆ ಕಪಿಲೆ, ಇನ್ನೊಂದು ಕಡೆ ಕಾವೇರಿ, ತಿರುಮಕೂಡಲಿನಲ್ಲಿ ಎರಡರ ಸಂಗಮ. ಹುಲ್ಲಹಳ್ಳಿಯ ಅಣೆಕಟ್ಟೆ, ತಲಕಾಡಿನ ಹತ್ತಿರದ ಮಾಧವಮಂತ್ರಿ ಅಣೆಕಟ್ಟೆ ಇವೆಲ್ಲ ರಾಜರ ಕಾಲದವು. ಅವುಗಳ ನಾಲೆ ಹರಿದ ಕಡೆ ಗದ್ದೆ ಬಯಲು. ಆ ಬಯಲು ಯಾರದಾಗಿತ್ತು? ದೇವಸ್ಥಾನ, ಮಠ, ಅಗ್ರಹಾರಗಳ ಇನಾಮು, ಊರ ಗೌಡರ, ಪಟೇಲ ಶಾನುಭೋಗರ ಹಿಡುವಳಿ. ಗದ್ದೆಗೆ ಇಳಿದು ನಾಟಿ ಹಾಕಿದವರು, ಕೊಯ್ದವರು, ಕಣದಲ್ಲಿ ಬಡಿದು ತೂರಿದವರು ಕೇರಿಯವರು. ಅವರಿಗೆ ಬಂದದ್ದು ಒಬ್ಬೆ ಭತ್ತ. ಕೇರಿ ಇರುವ ಜಾಗವನ್ನೇ ನೋಡಿ. ಹಳೆಯ ಊರುಗಳಲ್ಲಿ ಅದು ಊರ ಹೊರಗೆ, ಬಹಳ ಕಡೆ ಊರಿನ ನೀರು ಹರಿದು ಹೋಗುವ ತಗ್ಗಿನ ಕಡೆಗೆ ಇರುತ್ತದೆ. ಈಗ ಅದಕ್ಕೆ ಕಾಲೋನಿ ಎನ್ನುತ್ತಾರೆ, ಅಂಬೇಡ್ಕರ್ ನಗರ ಎಂಬ ನೀಲಿ ಫಲಕ ಹಾಕಿರುತ್ತಾರೆ. ಫಲಕ ಹೊಸದು, ಜಾಗ ಹಳೆಯದೇ.

ಇಡೀ ಜಗತ್ತಿನ ಸಮಾಜಶಾಸ್ತ್ರದ ತರಗತಿಗಳಲ್ಲಿ ‘ಪ್ರಬಲ ಜಾತಿ’ ಎಂಬ ಪರಿಕಲ್ಪನೆಯನ್ನು ಪಾಠ ಮಾಡುತ್ತಾರೆ. ಅದು ಹುಟ್ಟಿದ್ದು ತಿ. ನರಸೀಪುರ ತಾಲ್ಲೂಕಿನಲ್ಲಿ ಎಂದು ನಮ್ಮವರಲ್ಲೇ ಎಷ್ಟೋ ಜನಕ್ಕೆ ಗೊತ್ತಿಲ್ಲ. ಎಂ.ಎನ್. ಶ್ರೀನಿವಾಸ್ 1948ರಲ್ಲಿ ಬನ್ನೂರು ಸಮೀಪದ ಕೊಡಗಹಳ್ಳಿಗೆ ಬಂದು ನೆಲೆಸಿ ಅಧ್ಯಯನ ಮಾಡಿದರು, ಬರೆಯುವಾಗ ಆ ಊರಿಗೆ ‘ರಾಂಪುರ’ ಎಂದು ಹೆಸರಿಟ್ಟರು. 1970ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿ ಕಿಡಿಗೇಡಿಗಳು ಹಚ್ಚಿದ ಬೆಂಕಿಗೆ ಅವರ ಟಿಪ್ಪಣಿಗಳು ಸುಟ್ಟುಹೋದವು. ಬಹುಪಾಲು ನೆನಪಿನಿಂದಲೇ ಬರೆದ ‘ದಿ ರಿಮೆಂಬರ್ಡ್ ವಿಲೇಜ್’ 1976ರಲ್ಲಿ ಬಂತು. ಶಾಸ್ತ್ರದಲ್ಲಿ ಬರೆದ ಶ್ರೇಣಿ ಏನೇ ಇರಲಿ, ಊರನ್ನು ಆಳುವವರು ತಲೆಯೆಣಿಕೆಯಲ್ಲಿ ಹೆಚ್ಚಿದ್ದು ಜಮೀನು ಹಿಡಿದಿರುವ ಜಾತಿಯವರು ಎಂಬುದನ್ನು ಅವರು ಕಣ್ಣಾರೆ ಕಂಡು ಬರೆದರು. ಜಗಳ ಬಗೆಹರಿಸುವವರು ಅವರೇ, ಸಾಲ ಕೊಡುವವರು ಅವರೇ, ಕೂಲಿ ನಿಗದಿ ಮಾಡುವವರೂ ಅವರೇ. ಶ್ರೀನಿವಾಸರು ಉಳಿದುಕೊಂಡಿದ್ದು ಊರ ಯಜಮಾನರ ದನದ ಮನೆಗೆ ಸೇರಿದ ಜಾಗದಲ್ಲಿ. ಹಾಗಾಗಿ ಊರು ತಮಗೆ ಮೇಲಿನವರ ಕಡೆಯಿಂದ ಕಂಡಷ್ಟು ಕೇರಿಯ ಕಡೆಯಿಂದ ಕಾಣಲಿಲ್ಲ ಎಂಬುದನ್ನು ಅವರೂ ಬಲ್ಲವರಾಗಿದ್ದರು. ಕೇರಿಯ ಕಡೆಯಿಂದ ಇದೇ ಸೀಮೆ ಹೇಗೆ ಕಾಣುತ್ತದೆಂದು ತಿಳಿಯಲು ನಾವು ದೇವನೂರಿನವರೆಗೆ ಕಾಯಬೇಕಾಯಿತು. ನಂಜನಗೂಡು ತಾಲ್ಲೂಕಿನ ಆ ಊರಿನಲ್ಲಿ 1948ರಲ್ಲೇ ಹುಟ್ಟಿದ ದೇವನೂರ ಮಹಾದೇವ ‘ಒಡಲಾಳ’, ‘ಕುಸುಮಬಾಲೆ’ಗಳಲ್ಲಿ ಇಲ್ಲಿಯ ಆಡುಮಾತಿನಲ್ಲೇ ಅದನ್ನು ಹೇಳಿದರು.

ಸ್ವಾತಂತ್ರ್ಯ ಬಂದ ಮೇಲೆ ಜಮೀನಿನ ಲೆಕ್ಕ ಹೊಸದಾಗಿ ಬರೆಯುವ ಅವಕಾಶ ಒಂದಲ್ಲ ಹಲವು ಸಲ ಬಂತು. 1950ರ ದಶಕದ ಕಾಯ್ದೆಗಳಿಂದ ಇನಾಮು ರದ್ದಾಯಿತು. ಇನಾಮು ಭೂಮಿಯನ್ನು ಗೇಣಿಗೆ ಮಾಡುತ್ತಿದ್ದವರಿಗೆ ಹಕ್ಕು ಬಂತು. 1974ರ ಮಾರ್ಚ್ 1ರಿಂದ ಗೇಣಿ ಪದ್ಧತಿಯೇ ರದ್ದಾಗಿ ‘ಉಳುವವನೇ ಹೊಲದೊಡೆಯ’ ಎಂಬ ದೇವರಾಜ ಅರಸರ ದೊಡ್ಡ ಸುಧಾರಣೆ ಜಾರಿಯಾಯಿತು. ಆ ಸುಧಾರಣೆಯ ಮೇಲೆ ನನಗೆ ಅಪಾರ ಗೌರವವಿದೆ, ಲಕ್ಷಾಂತರ ಸಂಸಾರಗಳು ಅದರಿಂದ ತಲೆಯೆತ್ತಿದವು. ಆದರೆ ಭೂ ನ್ಯಾಯಮಂಡಳಿಯ ಮುಂದೆ ಫಾರಂ ನಂಬರ್ 7 ಹಾಕಬೇಕಾದರೆ ನೀವು ಗೇಣಿದಾರ ಆಗಿರಬೇಕಿತ್ತು. ಕೇರಿಯವನು ಗೇಣಿದಾರನಾಗಿದ್ದದ್ದು ಬಲು ಅಪರೂಪ. ಅವನು ಕೂಲಿ ಅಥವಾ ಜೀತ. ಮದುವೆಗೋ ಮದ್ದಿಗೋ ಅಪ್ಪ ಇಸಿದುಕೊಂಡ ಇಷ್ಟು ಹಣಕ್ಕೆ ಮಗ ಗೌಡರ ಮನೆಯಲ್ಲಿ ದುಡಿಯಬೇಕು. ಯುಗಾದಿಯಿಂದ ಯುಗಾದಿಗೆ ಲೆಕ್ಕ, ಒಂದಷ್ಟು ರಾಗಿ, ಒಂದು ಕಂಬಳಿ, ಒಂದು ಜೊತೆ ಮೆಟ್ಟು. ಅಸಲು ತೀರದು, ಮಗನ ನಂತರ ಮೊಮ್ಮಗ. ಹೀಗೆ ಉತ್ತವನ ಹೆಸರು ಯಾವ ದಫ್ತರದಲ್ಲೂ ಇರಲಿಲ್ಲ. ಉಳುವವನಿಗೇ ಹೊಲ ಎಂದ ಕಾಯ್ದೆಯ ಎದುರು ನಿಜವಾಗಿ ನೇಗಿಲು ಹಿಡಿದವನು ಉಳುವವನೇ ಅಲ್ಲ ಎಂದಾಯಿತು. ಜೀತ ಕಾನೂನಿನಲ್ಲಿ ರದ್ದಾದದ್ದು 1975ರ ಸುಗ್ರೀವಾಜ್ಞೆ ಮತ್ತು ಮರುವರ್ಷದ ಕಾಯ್ದೆಯಿಂದ. ಗೇಣಿ ಹಕ್ಕಿನ ಗಡಿ ದಿನ ಅಷ್ಟರಲ್ಲಿ ದಾಟಿಹೋಗಿತ್ತು.

ಹಾಗಾದರೆ ದಲಿತರಿಗೆ ಜಮೀನು ಸಿಗಲೇ ಇಲ್ಲವೇ? ಸಿಕ್ಕಿತು. ತೋಟಿ, ತಳವಾರ, ನೀರಗಂಟಿ ಇಂಥ ಊರ ಚಾಕರಿಗೆ ಬಿಟ್ಟಿದ್ದ ಇನಾಮು ಭೂಮಿ, 1961ರ ಗ್ರಾಮ ಕಚೇರಿಗಳ ರದ್ದತಿ ಕಾಯ್ದೆಯ ಕೆಳಗೆ ಚಾಕರಿ ಮಾಡುತ್ತಿದ್ದವರಿಗೇ ಮರುಮಂಜೂರಾಗುವ ವ್ಯವಸ್ಥೆಯಾಯಿತು. ಅದಲ್ಲದೆ ಸಂಸ್ಥಾನದ ಕಾಲದಿಂದಲೂ ಸರ್ಕಾರಿ ಭೂಮಿಯನ್ನು ದರಖಾಸ್ತಿನ ಮೇಲೆ ‘ಡಿಪ್ರೆಸ್ಡ್ ಕ್ಲಾಸ್’ನವರಿಗೆ ಪುಕ್ಕಟೆಯಾಗಿಯೋ ಕಡಿಮೆ ಬೆಲೆಗೋ ಕೊಡುತ್ತಿದ್ದರು. ಕೈಗೆ ಬರುತ್ತಿದ್ದದ್ದು ಒಂದು ಸಾಗುವಳಿ ಚೀಟಿ. ಅಂಥ ಚೀಟಿಯೊಂದನ್ನು ಕಪಿಲೆಯ ದಡಕ್ಕೆ ದೂರವಿಲ್ಲದ ಒಂದು ಕೇರಿಯಲ್ಲಿ ನಾನು ಕೈಯಲ್ಲಿ ಹಿಡಿದು ನೋಡಿದ್ದೇನೆ. ಟ್ರಂಕಿನ ತಳದಿಂದ, ಪ್ಲಾಸ್ಟಿಕ್ ಕವರಿನೊಳಗೆ ಮತ್ತೊಂದು ಕವರು, ಅದರೊಳಗಿಂದ ತೆಗೆದುಕೊಟ್ಟ ಅಜ್ಜಿಗೆ ಓದು ಬರುತ್ತಿರಲಿಲ್ಲ. ಕಾಗದ ನಾಲ್ಕು ಮಡಿಕೆಯಾಗಿ, ಮಡಿಕೆ ಬಿದ್ದ ಕಡೆ ಸವೆದು ಬೆಳಕು ಕಾಣುತ್ತಿತ್ತು. ಸರ್ವೆ ನಂಬರು, ವಿಸ್ತೀರ್ಣ, ಚೆಕ್ಕುಬಂದಿ: ಮೂಡಲಿಗೆ ಹಳ್ಳ, ಪಡುವಲಿಗೆ ಗೋಮಾಳ. ಕೆಳಗೆ, ಇಷ್ಟು ವರ್ಷ ಪರಭಾರೆ ಮಾಡಕೂಡದು ಎಂಬ ಷರತ್ತು. ‘ನಮ್ಮ ಮಾವ್ನೋರ ಯೆಸ್ರು ಇನ್ನೂ ಅದಾ ನೋಡಿ ಸಾಮಿ’ ಎಂದರು. ಹೆಸರು ಇತ್ತು. ಜಮೀನು ಮಾತ್ರ ಬೇರೆಯವರ ಬೇಲಿಯೊಳಗಿತ್ತು. ಹಳ್ಳ, ಗೋಮಾಳ ಎಂಬ ಆ ಎರಡು ಗಡಿಗಳೇ ಎಂಥ ಭೂಮಿ ಎಂಬುದನ್ನೂ ಹೇಳುತ್ತವೆ. ಬಯಲಿನ ಗದ್ದೆ ಯಾರಿಗೂ ದರಖಾಸ್ತಿಗೆ ಸಿಗುವುದಿಲ್ಲ. ಮಿಕ್ಕಿದ್ದು ಕಲ್ಲು, ಕೊರಕಲು, ಮಳೆ ನಂಬಿದ ಹೊಲ.

ಅಂಥ ಹೊಲವನ್ನು ಕೊಟ್ಟರೂ ಎತ್ತಿಲ್ಲ, ಬಾವಿಯಿಲ್ಲ, ಬಿತ್ತನೆಗೆ ಕಾಸಿಲ್ಲ. ಮಗಳ ಮದುವೆ ಬಂತು, ಆಸ್ಪತ್ರೆ ಖರ್ಚು ಬಂತು, ಹೊಲ ಭೋಗ್ಯಕ್ಕೆ ಹೋಯಿತು. ಭೋಗ್ಯ ಬಿಡಿಸಿಕೊಳ್ಳಲಾಗದೆ ಕ್ರಯಕ್ಕೆ ಹೋಯಿತು. ಎಷ್ಟೋ ಸಲ ಸಾಲಕ್ಕೆಂದು ಹೆಬ್ಬೆಟ್ಟು ಒತ್ತಿಸಿಕೊಂಡ ಛಾಪಾ ಕಾಗದವೇ ಕ್ರಯಪತ್ರವಾಗಿ ಎದ್ದು ಬಂತು. ಕಪಿಲೆಗೆ ಕಟ್ಟಿದ ಕಬಿನಿ ಅಣೆಕಟ್ಟೆ 1974ರಲ್ಲಿ ಮುಗಿದು ಬಲದಂಡೆ ನಾಲೆ ಈ ಕಡೆ ಹರಿದಾಗ, ಮುಂದೆ ವರುಣಾ ನಾಲೆ ಬಂದಾಗ, ನಂಜನಗೂಡಿನ ಕೈಗಾರಿಕಾ ಪ್ರದೇಶ ಬೆಳೆದಾಗ, ನಿನ್ನೆಯ ಕೊರಕಲಿಗೂ ಬೆಲೆ ಬಂತು. ಬೆಲೆ ಬರುವ ಹೊತ್ತಿಗೆ ಬಹಳಷ್ಟು ಮಂಜೂರಾತಿ ಭೂಮಿ ಕೈಬಿಟ್ಟಾಗಿತ್ತು. ನೀರಾವರಿ ಬಂದರೆ ಎಲ್ಲರೂ ಉದ್ಧಾರವಾಗುತ್ತಾರೆ ಎನ್ನುತ್ತೇವೆ. 1950ರ ದಶಕದಲ್ಲಿ ಪಕ್ಕದ ಮಂಡ್ಯ ಸೀಮೆಯ ಹಳ್ಳಿಗಳಲ್ಲಿ ಅಧ್ಯಯನ ಮಾಡಿದ ಸ್ಕಾರ್ಲೆಟ್ ಎಪ್‌ಸ್ಟೈನ್, ನಾಲೆ ಬಂದ ಊರಿನಲ್ಲಿ ಹಳೆಯ ಜಮೀನ್ದಾರಿಕೆಯ ಸಂಬಂಧಗಳು ಕರಗುವ ಬದಲು ಗಟ್ಟಿಯಾಗಿ ಉಳಿದದ್ದನ್ನು ತೋರಿಸಿದ್ದರು. ನೀರು ಹೊಲಕ್ಕೆ ಹರಿಯುತ್ತದೆ, ಹೊಲವಿದ್ದವನು ಬೆಳೆಯುತ್ತಾನೆ.

ಇದನ್ನು ಕಂಡೇ ಅರಸು ಸರ್ಕಾರ 1978ರಲ್ಲಿ ಪರಭಾರೆ ನಿಷೇಧ ಕಾಯ್ದೆ ತಂದಿತು. ಜನರ ಬಾಯಲ್ಲಿ ಅದು ‘ಪಿಟಿಸಿಎಲ್’. 1979ರ ಜನವರಿ 1ರಿಂದ ಜಾರಿಗೆ ಬಂದ ಈ ಕಾಯ್ದೆಯ ಪ್ರಕಾರ ಪರಿಶಿಷ್ಟರಿಗೆ ಮಂಜೂರಾದ ಭೂಮಿಯನ್ನು ಷರತ್ತು ಮೀರಿಯೋ, ಕಾಯ್ದೆ ಬಂದ ಮೇಲೆ ಸರ್ಕಾರದ ಅನುಮತಿಯಿಲ್ಲದೆಯೋ ಮಾರಿದ್ದರೆ ಆ ಮಾರಾಟ ಅಸಿಂಧು. ಉಪವಿಭಾಗಾಧಿಕಾರಿ, ಅಂದರೆ ಎ.ಸಿ. ಸಾಹೇಬರು, ಜಮೀನನ್ನು ಬಿಡಿಸಿ ಮೂಲ ಮಂಜೂರಾತಿದಾರನಿಗೋ ಅವನ ವಾರಸುದಾರರಿಗೋ ಕೊಡಬೇಕು. 1984ರಲ್ಲಿ ಮಂಚೇಗೌಡ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಕಾಯ್ದೆಯನ್ನು ಎತ್ತಿಹಿಡಿಯಿತು. ಅರ್ಜಿ ಹಾಕುವುದಕ್ಕೆ ಕಾಯ್ದೆಯಲ್ಲಿ ಗಡುವು ಇರಲಿಲ್ಲ. 2017ರಲ್ಲಿ ನೆಕ್ಕಂಟಿ ರಾಮಲಕ್ಷ್ಮಿ ಪ್ರಕರಣದ ತೀರ್ಪಿನಲ್ಲಿ, ಗಡುವು ಇಲ್ಲವೆಂದರೂ ನ್ಯಾಯಸಮ್ಮತವಾದ ಕಾಲಾವಧಿಯೊಳಗೆ ಬರಬೇಕು ಎಂದು ಅದೇ ನ್ಯಾಯಾಲಯ ಹೇಳಿತು. ಅದಾದ ಮೇಲೆ ‘ತಡವಾಯಿತು’ ಎಂಬ ಒಂದೇ ಮಾತಿನ ಮೇಲೆ ಒಂದರ ಹಿಂದೊಂದು ಅರ್ಜಿ ಬಿದ್ದುಹೋದವು. ಎಷ್ಟು ಕಾಲವಾದರೂ ಅರ್ಜಿ ಹಾಕಬಹುದು ಎಂದು ರಾಜ್ಯ ಸರ್ಕಾರ 2023ರಲ್ಲಿ ತಿದ್ದುಪಡಿ ತರಬೇಕಾಯಿತು.

‘ತಡ’ ಎಂಬ ಮಾತನ್ನು ನಾನು ಬಹಳ ಯೋಚಿಸಿದ್ದೇನೆ. ಹೆಬ್ಬೆಟ್ಟು ಒತ್ತಿದವನಿಗೆ ಕಾಯ್ದೆಯೊಂದಿದೆ ಎಂದು ಗೊತ್ತಾಗಬೇಕಾದರೆ ಮನೆಯಲ್ಲೊಬ್ಬ ಓದಿದವನು ಹುಟ್ಟಬೇಕು. ಓದಿದವನು ಹುಟ್ಟಬೇಕಾದರೆ ಜೀತಕ್ಕೆ ಹೋಗದ ಒಂದು ತಲೆಮಾರು ಬೇಕು. ಆ ಮೊಮ್ಮಗ ಬಂದು ಚೀಟಿ ಓದಿ ಅರ್ಜಿ ಹಾಕಿದಾಗ ನಾವು ಗಡಿಯಾರ ನೋಡುತ್ತೇವೆ. ತಡ ಮಾಡಿಸಿದ್ದೇ ಅನ್ಯಾಯ. ಅದೇ ತಡವನ್ನು ಅವನ ವಿರುದ್ಧದ ಸಾಕ್ಷಿಯನ್ನಾಗಿ ಮಾಡುವುದು ಎರಡನೇ ಅನ್ಯಾಯ.

ಇಲ್ಲಿ ಇನ್ನೊಂದು ಬದಿಯ ಸಂಕಟವನ್ನೂ ಹೇಳದಿದ್ದರೆ ತಪ್ಪಾಗುತ್ತದೆ. ಮೊದಲು ಕೊಂಡ ದೊಡ್ಡವರು ಲಾಭ ಮಾಡಿಕೊಂಡು ಮಾರಿ ಹೋಗಿರುತ್ತಾರೆ. ಎಕರೆಯೋ ಅರ್ಧ ಎಕರೆಯೋ ಮೂರನೇ ಕೈಯಿಂದ ಕೊಂಡು, ಸಾಲ ಮಾಡಿ ಬೋರ್‌ವೆಲ್ ಕೊರೆಸಿದ ಸಣ್ಣ ರೈತನ ಬಾಗಿಲಿಗೆ ನೋಟಿಸು ಬರುತ್ತದೆ. ಅಂಥವರಲ್ಲಿ ಹಿಂದುಳಿದವರೂ ಇದ್ದಾರೆ, ಬಡ ಲಿಂಗಾಯತ, ಬಡ ಒಕ್ಕಲಿಗರೂ ಇದ್ದಾರೆ. ಬೆಲೆ ಬಂದ ಮೇಲೆ ದಲ್ಲಾಳಿಗಳು ವಾರಸುದಾರರನ್ನು ಹುಡುಕಿ ಕೇಸು ಹಾಕಿಸಿ ಜಮೀನು ತಾವೇ ನುಂಗುವ ಪ್ರಕರಣಗಳೂ ಇವೆ. ಇಂಥ ಕೊನೆಯ ಕೈಯವನಿಗೆ ಸರ್ಕಾರವೇ ಪರಿಹಾರ ಕೊಡುವ ದಾರಿ ಮಾಡಬೇಕು ಎಂದು ನಾನು ನಂಬುತ್ತೇನೆ, ಏಕೆಂದರೆ ಷರತ್ತಿನ ಭೂಮಿಯನ್ನು ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲಿ ಮೊಹರು ಒತ್ತಿ ನೋಂದಾಯಿಸಿಕೊಟ್ಟದ್ದು ಸರ್ಕಾರವೇ. ಆದರೆ ಅವನ ಕಷ್ಟವನ್ನು ಮುಂದಿಟ್ಟುಕೊಂಡು ಕಾಯ್ದೆಯನ್ನೇ ‘ದುರ್ಬಳಕೆ’ ಎಂದು ತಳ್ಳಿಹಾಕುವುದನ್ನು ಒಪ್ಪಲಾಗದು.

ದೂರದ ಒಂದು ದೇಶದ ಕಥೆ ಇದಕ್ಕೆ ತೀರಾ ಹತ್ತಿರದ್ದು. 1865ರ ಜನವರಿಯಲ್ಲಿ, ಅಮೆರಿಕದ ಅಂತರ್ಯುದ್ಧ ಮುಗಿಯುವ ಹೊತ್ತಿಗೆ, ಜನರಲ್ ಶೆರ್ಮನ್ ಒಂದು ಆದೇಶ ಹೊರಡಿಸಿದ. ದಕ್ಷಿಣದ ಕರಾವಳಿಯ ಜಮೀನನ್ನು ಬಿಡುಗಡೆಯಾದ ಗುಲಾಮರ ಸಂಸಾರಗಳಿಗೆ ತಲಾ 40 ಎಕರೆ ಮೀರದಂತೆ ಹಂಚಬೇಕು ಎಂದು. ಜನ ಹೋಗಿ ಉಳುಮೆಯನ್ನೂ ಶುರುಮಾಡಿದರು. ಅದೇ ವರ್ಷ ಲಿಂಕನ್ ಕೊಲೆಯಾಗಿ ಅಧ್ಯಕ್ಷನಾದ ಆಂಡ್ರ್ಯೂ ಜಾನ್ಸನ್ ಆ ಭೂಮಿಯ ಬಹುಪಾಲನ್ನು ಹಳೆಯ ಮಾಲೀಕರಿಗೇ ವಾಪಸು ಕೊಡಿಸಿದ. ಕಪ್ಪು ಜನ ಮತ್ತೆ ಅದೇ ಹೊಲಗಳಲ್ಲಿ ಪಾಲಿಗೆ ಸಾಗುವಳಿ ಮಾಡುವವರಾದರು. 1930ರ ದಶಕದಲ್ಲಿ ಮನೆಸಾಲದ ವ್ಯವಸ್ಥೆ ಬಂದಾಗ ಅವರ ಕೇರಿಗಳನ್ನು ನಕ್ಷೆಯಲ್ಲಿ ಕೆಂಪು ಬಣ್ಣದಲ್ಲಿ ಗುರುತಿಸಿ ಸಾಲಕ್ಕೆ ಅಪಾಯದ ಜಾಗ ಎಂದು ಬರೆದರು. ಭೂಮಿಯಿಲ್ಲದವನಿಗೆ ಮನೆಯಿಲ್ಲ, ಮನೆಯಿಲ್ಲದವನಿಗೆ ಅಡವಿಡಲು ಏನೂ ಇಲ್ಲ, ಮಗನನ್ನು ಕಾಲೇಜಿಗೆ ಕಳಿಸಲು ಕಾಸಿಲ್ಲ. ಇವತ್ತು ಅಲ್ಲಿ ನಡೆಯುವ ಪರಿಹಾರದ ಚರ್ಚೆಯ ಬುಡದಲ್ಲಿ ಇರುವುದು ಈ ಕಥೆ. ನಮ್ಮವರು ಈ ನಂಟನ್ನು ಬಹಳ ಹಿಂದೆಯೇ ಕಂಡಿದ್ದರು. ಜ್ಯೋತಿಬಾ ಫುಲೆ 1873ರ ತಮ್ಮ ‘ಗುಲಾಮಗಿರಿ’ಯನ್ನು ಗುಲಾಮರ ಬಿಡುಗಡೆಗೆ ದುಡಿದ ಅಮೆರಿಕದ ಜನರಿಗೆ ಅರ್ಪಿಸಿದರು. 1946ರಲ್ಲಿ ಅಂಬೇಡ್ಕರ್ ಕಪ್ಪು ಚಿಂತಕ ಡುಬಾಯ್ಸ್ ಅವರಿಗೆ ಪತ್ರ ಬರೆದರು. 2001ರ ಡರ್ಬನ್ ಸಮ್ಮೇಳನದಲ್ಲಿ ಜಾತಿಯನ್ನು ಜನಾಂಗ ತಾರತಮ್ಯದ ಸಾಲಿಗೆ ಸೇರಿಸಬೇಕೇ ಎಂಬ ವಾದ ಎದ್ದಾಗ ಭಾರತ ಸರ್ಕಾರ ಒಪ್ಪಲಿಲ್ಲ. ಜಾತಿಯೂ ಬಣ್ಣವೂ ಒಂದೇ ಅಲ್ಲ, ನಿಜ. ಆದರೆ ಕಸಿದುಕೊಂಡದ್ದು ಕಸಿದುಕೊಂಡವನ ಮಕ್ಕಳಿಗೂ, ಕಳೆದುಕೊಂಡದ್ದು ಕಳೆದುಕೊಂಡವನ ಮಕ್ಕಳಿಗೂ ಹಾಗೇ ಇಳಿದು ಬರುವ ರೀತಿಯಲ್ಲಿ ಎರಡಕ್ಕೂ ವ್ಯತ್ಯಾಸವಿಲ್ಲ.

ಈಗ ಮೀಸಲಾತಿಗೆ ಬರೋಣ. ‘ಪ್ರತಿಭೆಗೆ ಬೆಲೆಯಿಲ್ಲ’ ಎಂಬ ಮಾತು ಇಂದಿನದಲ್ಲ, ಮೈಸೂರಿನಲ್ಲಿ ಅದಕ್ಕೆ ನೂರು ವರ್ಷ ದಾಟಿದೆ. 1918ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಮುಖ್ಯ ನ್ಯಾಯಾಧೀಶ ಲೆಸ್ಲಿ ಮಿಲ್ಲರ್ ಅವರ ಅಧ್ಯಕ್ಷತೆಯಲ್ಲಿ ಸಮಿತಿ ಮಾಡಿದರು. ಸರ್ಕಾರಿ ಹುದ್ದೆಗಳೆಲ್ಲ ಹೆಚ್ಚುಕಡಿಮೆ ಒಂದೇ ಜಾತಿಯ ಕೈಯಲ್ಲಿದ್ದ ಕಾಲ ಅದು. ಏಳು ವರ್ಷಗಳಲ್ಲಿ ಮೇಲಿನ ಹುದ್ದೆಗಳಲ್ಲಿ ಅರ್ಧ, ಕೆಳಗಿನವುಗಳಲ್ಲಿ ಮೂರನೇ ಎರಡು ಪಾಲು ಬ್ರಾಹ್ಮಣೇತರರಿಗೆ ಬರಬೇಕು ಎಂದು 1919ರ ವರದಿ ಹೇಳಿತು. ದಕ್ಷತೆ ಕೆಡುತ್ತದೆ ಎಂಬ ಆತಂಕ ದಿವಾನ್ ವಿಶ್ವೇಶ್ವರಯ್ಯನವರದು. ಮಹಾರಾಜರೊಂದಿಗೆ ಭಿನ್ನಾಭಿಪ್ರಾಯ ಬಂದು ಅವರು ದಿವಾನಗಿರಿ ಬಿಟ್ಟರು. ಆ ಮೀಸಲಾತಿಯ ಫಲ ಮೊದಲು ತಲುಪಿದ್ದು ಜಮೀನು, ಶಾಲೆ, ಹಾಸ್ಟೆಲು ಇದ್ದ ಒಕ್ಕಲಿಗ, ಲಿಂಗಾಯತ ಸಮುದಾಯಗಳಿಗೆ. ಅದರಲ್ಲಿ ತಪ್ಪೇನೂ ಇಲ್ಲ, ಸಂಸ್ಥಾನಕ್ಕೆ ಅದರಿಂದ ಒಳಿತೇ ಆಯಿತು. ಆದರೆ ಮೈಸೂರಿನಲ್ಲಿ ನಾಲ್ಕು ತಲೆಮಾರಿನಿಂದ ಮೀಸಲಾತಿಯ ನೆರಳಲ್ಲಿ ಬೆಳೆದವರು, ಮೀಸಲಾತಿ ಎಂದರೆ ದಲಿತರದು ಮಾತ್ರ ಎಂಬಂತೆ ಮಾತಾಡುವಾಗ ಮಿಲ್ಲರ್ ವರದಿಯ ನೆನಪು ಮಾಡಬೇಕಾಗುತ್ತದೆ. 2019ರಲ್ಲಿ ಮೇಲ್ಜಾತಿಯ ಬಡವರಿಗೆ ಶೇ 10 ಮೀಸಲು ಬಂದಾಗ ದಕ್ಷತೆಯ ಬಗೆಗಿನ ಆ ಹಳೆಯ ಆತಂಕ ಹೆಚ್ಚು ಕೇಳಿಬರಲಿಲ್ಲ ಎಂಬುದನ್ನೂ ಗಮನಿಸಬೇಕು.

ಕೇರಿಯೊಳಗೂ ಇತಿಹಾಸ ಎಲ್ಲರಿಗೂ ಒಂದೇ ಸಮನಾಗಿ ಬಡಿದಿಲ್ಲ. ಹಳೇ ಮೈಸೂರಿನ ಈ ಭಾಗದಲ್ಲಿ ದಲಿತರೊಳಗೆ ಬಲಗೈ ಪಂಗಡದವರ ಸಂಖ್ಯೆ ದೊಡ್ಡದು. ಚರ್ಮದ ಕೆಲಸಕ್ಕೂ ತಮಟೆಗೂ ಕಟ್ಟಿಹಾಕಿದ ಎಡಗೈಯವರು ಅನೇಕ ಊರುಗಳಲ್ಲಿ ಕೇರಿಯಲ್ಲೂ ಕೊನೆಯ ಸಾಲಿನವರು. 1920ರ ದಶಕದ ಆರಂಭದಲ್ಲಿ ಮೈಸೂರು ಸರ್ಕಾರ ಅವಮಾನದ ಹೆಸರುಗಳ ಬದಲು ಆದಿ ಕರ್ನಾಟಕ, ಆದಿ ದ್ರಾವಿಡ ಎಂಬ ಹೆಸರುಗಳನ್ನು ಬಳಕೆಗೆ ತಂದಿತು. ಗೌರವ ಕೊಡುವ ಉದ್ದೇಶ ಒಳ್ಳೆಯದೇ. ನೂರು ವರ್ಷದ ನಂತರ, 2025ರಲ್ಲಿ ನ್ಯಾಯಮೂರ್ತಿ ನಾಗಮೋಹನ ದಾಸ್ ಆಯೋಗದ ಗಣತಿದಾರರು ಮನೆ ಬಾಗಿಲಿಗೆ ಬಂದಾಗ ಲಕ್ಷಗಟ್ಟಲೆ ಜನ ‘ಎ.ಕೆ.’, ‘ಎ.ಡಿ.’ ಎಂದಷ್ಟೇ ಬರೆಸಿದರು, ಎಡವೋ ಬಲವೋ ಹೇಳಲಿಲ್ಲ. ಉಪಜಾತಿ ಹೇಳಿದರೆ ಮೈಸೂರಿನಲ್ಲೋ ಬೆಂಗಳೂರಿನಲ್ಲೋ ಬಾಡಿಗೆ ಮನೆ ಹೋದೀತು ಎಂಬ ಹೆದರಿಕೆ ಅದರ ಹಿಂದೆ ಇದ್ದದ್ದು ಸುಳ್ಳಲ್ಲ. 2024ರ ಆಗಸ್ಟ್ 1ರಂದು ಸುಪ್ರೀಂ ಕೋರ್ಟು ಒಳಮೀಸಲಾತಿಗೆ ದಾರಿ ಮಾಡಿಕೊಟ್ಟ ಮೇಲೆ, ಆಯೋಗದ ವರದಿ ಬಂದು, 2025ರ ಆಗಸ್ಟ್‌ನಲ್ಲಿ ಸಚಿವ ಸಂಪುಟ ಪರಿಶಿಷ್ಟ ಜಾತಿಯವರ ಶೇ 17 ಮೀಸಲಿನಲ್ಲಿ ಬಲಗೈಗೆ 6, ಎಡಗೈಗೆ 6, ಉಳಿದವರಿಗೆ 5 ಎಂದು ತೀರ್ಮಾನಿಸಿತು. ಅಲೆಮಾರಿಗಳಿಗೆ ಆಯೋಗ ಪ್ರತ್ಯೇಕವಾಗಿ ಇಟ್ಟಿದ್ದ ಶೇ 1 ಅದರಲ್ಲಿ ಕರಗಿಹೋಯಿತು. ಬಾಯಿಲ್ಲದವರ ಪಾಲು ಮೊದಲು ಕಳೆದುಹೋಗುವ ಹಳೆಯ ರೂಢಿ ಇಲ್ಲಿಯೂ ತಪ್ಪಲಿಲ್ಲ ಎಂಬ ನೋವು ನನಗಿದೆ.

ದುಡ್ಡು, ಹುದ್ದೆ, ಜಮೀನುಗಳ ಈ ಲೆಕ್ಕ ಒಂದು ಕಡೆಯಾದರೆ ಮುಟ್ಟು–ಮುಟ್ಟಬೇಡ ಎಂಬುದು ಇನ್ನೂ ಉಸಿರಾಡುತ್ತಿದೆ. 2020ರ ನವೆಂಬರ್‌ನಲ್ಲಿ ನಂಜನಗೂಡು ತಾಲ್ಲೂಕಿನ ಹಲ್ಲರೆಯಲ್ಲಿ ದಲಿತರಿಗೆ ಕ್ಷೌರ ಮಾಡಿದ ಕಾರಣಕ್ಕೆ ಅಂಗಡಿಯವರ ಕುಟುಂಬಕ್ಕೆ ಬಹಿಷ್ಕಾರ, ದಂಡ ಹಾಕಿದ ಸುದ್ದಿ ಬಂತು. 2022ರ ನವೆಂಬರ್‌ನಲ್ಲಿ ಪಕ್ಕದ ಚಾಮರಾಜನಗರದ ಹೆಗ್ಗೋಠಾರದಲ್ಲಿ ದಲಿತ ಮಹಿಳೆ ನೀರು ಕುಡಿದರೆಂದು ತೊಂಬೆಯ ನೀರು ಖಾಲಿ ಮಾಡಿ ಗಂಜಲ ಹಾಕಿ ತೊಳೆದರು. ಕ್ಷೌರದ ಅಂಗಡಿಯವರು ತಾವೂ ಸಣ್ಣ ಸಮುದಾಯದವರು, ಜಮೀನಿಲ್ಲದವರು. ಊರವರ ಮಾತು ಮೀರಿದರೆ ಅನ್ನ ಹೋಗುತ್ತದೆ. ಬಹಿಷ್ಕಾರ ನಡೆಯುವುದು ಜಮೀನಿನ ಬಲದಿಂದಲೇ. ಕೂಲಿಗೆ ಕರೆಯುವುದಿಲ್ಲ, ಹೊಲದ ಬದುವಿನಲ್ಲಿ ಓಡಾಡಲು ಬಿಡುವುದಿಲ್ಲ, ಹಸುವಿಗೆ ಹುಲ್ಲು ಕೊಯ್ಯಲು ಬಿಡುವುದಿಲ್ಲ ಎಂದರೆ ಮುಗಿಯಿತು. ಸ್ವಂತ ಎರಡು ಎಕರೆ ನೀರಾವರಿ ಇರುವ ಕೇರಿಗೆ ಅಷ್ಟು ಸುಲಭವಾಗಿ ಬಹಿಷ್ಕಾರ ಹಾಕಲಾಗದು.

ನಮ್ಮ ಸಾರ್ವಜನಿಕ ಚರ್ಚೆಯಲ್ಲಿ ನನಗೆ ಕಾಣುವ ದೊಡ್ಡ ಕೊರತೆ ಇದೇ. ಎಲ್ಲವೂ ಹದಿನೆಂಟನೇ ವಯಸ್ಸಿನಲ್ಲಿ, ಸಿಇಟಿ ರ್‍ಯಾಂಕ್ ಬರುವ ದಿನ ಶುರುವಾಗುತ್ತದೆ. ಅದಕ್ಕೆ ಹಿಂದಿನ ನೂರು ವರ್ಷ ಪಹಣಿಯಲ್ಲಿದೆ, ಅದನ್ನು ಯಾರೂ ತೆರೆಯುವುದಿಲ್ಲ. 2013ರಲ್ಲಿ ಸಿದ್ದರಾಮಯ್ಯ ಸರ್ಕಾರ ಪರಿಶಿಷ್ಟರ ಉಪಯೋಜನೆ ಕಾಯ್ದೆ ತಂದದ್ದು ದೇಶದಲ್ಲೇ ದೊಡ್ಡ ಹೆಜ್ಜೆ. ಹಾಗೆ ಪರಿಶಿಷ್ಟರಿಗೆಂದು ತೆಗೆದಿಟ್ಟ ಹಣ ಬೇರೆ ಕಡೆ ಜಾರಿಹೋಗುತ್ತಿದ್ದ 7(ಡಿ) ಕಲಮನ್ನು 2023ರಲ್ಲಿ ತೆಗೆದರು. ಆದರೆ ಅದೇ ನಿಧಿಯಿಂದ ಗ್ಯಾರಂಟಿ ಯೋಜನೆಗಳಿಗೆ ಹಣ ಕೊಟ್ಟದ್ದು ಸರಿಯೇ ಎಂಬ ಪ್ರಶ್ನೆ ದಲಿತ ಸಂಘಟನೆಗಳಿಂದಲೇ ಎದ್ದಿತು. ಪ್ರಶ್ನೆ ನ್ಯಾಯವಾದದ್ದು. ಎಲ್ಲರಿಗೂ ಸಿಗುವ ಸೌಲಭ್ಯ ಕೇರಿಗೂ ಸಿಗಬೇಕಾದದ್ದು ಹಕ್ಕು, ಅದಕ್ಕೆ ಕೇರಿಯ ಗಂಟಿಗೆ ಕೈಹಾಕಬಾರದು. ಆ ಗಂಟು ಜಮೀನಿಗೆ, ಬಾವಿಗೆ, ಹಾಸ್ಟೆಲಿಗೆ ಖರ್ಚಾಗಬೇಕು.

ಮಾಡಬೇಕಾದ ಕೆಲಸ ಗುಟ್ಟಿನದೇನಲ್ಲ. ಪಹಣಿಗಳೆಲ್ಲ ‘ಭೂಮಿ’ ತಂತ್ರಾಂಶದಲ್ಲಿವೆ, ಒಂಬತ್ತನೇ ಕಾಲಂ ನೋಡಿದರೆ ಮಾಲೀಕನ ಹೆಸರು ಸಿಗುತ್ತದೆ. ಮಂಜೂರಾತಿ ಕಡತಗಳು, ತೋಟಿ ತಳವಾರಿಕೆಯ ದಾಖಲೆಗಳು ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮಿನಲ್ಲಿವೆ. ಎರಡನ್ನೂ ಹೊಂದಿಸಿ, ಪರಿಶಿಷ್ಟರಿಗೆ ಮಂಜೂರಾದ ಭೂಮಿ ಎಷ್ಟು, ಈಗ ಯಾರ ಕೈಯಲ್ಲಿದೆ ಎಂಬ ಪಟ್ಟಿಯನ್ನು ಗ್ರಾಮವಾರು ಸಿದ್ಧಪಡಿಸಿ ಪಂಚಾಯಿತಿ ಕಚೇರಿಯ ಗೋಡೆಗೆ ಅಂಟಿಸಬೇಕು. ಅಜ್ಜಿ ಟ್ರಂಕು ತೆರೆದು ಊರಿಗೆ ಬಂದವರ ಕೈಗೆ ಚೀಟಿ ಕೊಡುವ ಗತಿ ಇರಬಾರದು. ಎ.ಸಿ. ಕೋರ್ಟಿನ ಆದೇಶ ಬಂದಷ್ಟಕ್ಕೆ ಜಮೀನು ಬರುವುದಿಲ್ಲ, ಸರ್ವೆಯರ್ ಬಂದು ಹದ್ದುಬಸ್ತು ಮಾಡಬೇಕು, ಖಾತೆ ಬದಲಾಗಬೇಕು, ಬೇಲಿ ಕಿತ್ತು ಉಳುವ ದಿನ ಪೊಲೀಸರು ಜೊತೆಗಿರಬೇಕು, ಮೊದಲ ಬೆಳೆಗೆ ಸಾಲ ಸಿಗಬೇಕು. ಇವಿಷ್ಟಕ್ಕೂ ಒಬ್ಬರೇ ಅಧಿಕಾರಿಯನ್ನು ಹೊಣೆ ಮಾಡಬೇಕು. ನಂಜನಗೂಡು 2008ರಿಂದ ಮೀಸಲು ಕ್ಷೇತ್ರ, ತಿ. ನರಸೀಪುರ ಅದಕ್ಕೂ ಮುಂಚಿನಿಂದ. 2023ರಲ್ಲಿ ನರಸೀಪುರದಿಂದ ಗೆದ್ದ ಎಚ್.ಸಿ. ಮಹದೇವಪ್ಪ ಸಮಾಜ ಕಲ್ಯಾಣ ಸಚಿವರಾದರು. ಮತ ಕೇಳಲು ಬರುವ ಯಾವ ಪಕ್ಷದವರನ್ನಾದರೂ ಸರಿ, ಈ ಎರಡು ತಾಲ್ಲೂಕುಗಳ ಜನ ಮೊದಲು ಆ ಪಟ್ಟಿ ಎಲ್ಲಿ ಎಂದು ಕೇಳಬೇಕು.